ಎತ್ತಿಪೋತಾಕ್ಕೆ ಮಳೆಗಾಲದ ಪ್ರವಾಸ: ಹೋಗಬೇಕೆ, ಹೋದರೆ ಹೇಗೆ?

ತೊಗರಿ ಕಣಜ (ಕಲಬುರಗಿ)

ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಸುಮಾರು ನಲವತ್ತು ಜನರಿದ್ದೇವೆ. ಅರ್ಧಕ್ಕಿಂತ ಹೆಚ್ಚು ಜನ ನಿವೃತ್ತರು, ಉಳಿದವರು ಶಾಲೆ, ಬ್ಯಾಂಕು, ಕಚೇರಿಗಳಲ್ಲಿ ದುಡಿಯುವವರು. ಶ್ರಾವಣದ ಒಂದು ಭಾನುವಾರ ಚಿಂಚೋಳಿ ತಾಲ್ಲೂಕಿನ ಎತ್ತಿಪೋತಾ ಜಲಪಾತ ಮತ್ತು ಚಂದ್ರಂಪಳ್ಳಿ ಜಲಾಶಯ ನೋಡಿಕೊಂಡು ಬರೋಣವೆಂಬ ಮಾತು ಬಳಗದಲ್ಲಿ ಎದ್ದಿದೆ. ಮಾರ್ಚಿನಿಂದ ಜೂನಿನವರೆಗೆ ಕಿಟಕಿ ಮುಚ್ಚಿ ಕೂಲರಿನ ಮುಂದೆ ಕುಳಿತು ಕಳೆದವರಿಗೆ, ಹರಿಯುವ ನೀರನ್ನೂ ನಾಲ್ಕು ಹಸಿರು ಗಿಡಗಳನ್ನೂ ಕಣ್ತುಂಬ ನೋಡಬೇಕೆನಿಸುವುದು ಸಹಜ. ಮನಸ್ಸಿಗೆ ಹಗುರಾಗುತ್ತದೆ, ಮೊಣಕಾಲು ಹಿಡಿದುಕೊಂಡವರಿಗೂ ನಾಲ್ಕು ಹೆಜ್ಜೆ ನಡೆದಂತಾಗುತ್ತದೆ ಎಂಬುದು ಎಲ್ಲರ ಮಾತು.

ಆದರೆ ಬಳಗದ ಹಿರಿಯರೊಬ್ಬರು ತಕರಾರು ಎತ್ತಿದ್ದಾರೆ. ಎಂಟೊಂಬತ್ತು ಕಾರುಗಳಲ್ಲಿ ನಲವತ್ತು ಜನರು ವನ್ಯಜೀವಿಗಳಿಗಾಗಿ ಮೀಸಲಿಟ್ಟ ಜಾಗಕ್ಕೆ ನುಗ್ಗಿ, ಊಟ ಮಾಡಿ, ಫೋಟೊ ತೆಗೆಸಿಕೊಂಡು ಬರುವುದಕ್ಕೆ ನಿಸರ್ಗಪ್ರೇಮವೆಂದು ಹೆಸರಿಡುವುದು ತಮಗೆ ಒಪ್ಪಿಗೆಯಿಲ್ಲ ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲೂ ಆಗುತ್ತಿಲ್ಲ, ಹೋಗುವ ಆಸೆಯನ್ನು ಬಿಡಲೂ ಆಗುತ್ತಿಲ್ಲ. ಆ ಭಾಗದ ಪರಿಚಯವಿರುವವರು, ಬೀದರ್ ಮತ್ತು ಯಾದಗಿರಿಯ ಅನುಭವವಿರುವವರು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಕುಂಚಾವರಂ ದಾರಿ (ಚಿಂಚೋಳಿ)

ಸರ್, ನಾನು ಅದೇ ಭಾಗದವನು. ಮೊದಲು ಜಾಗದ ಬಗ್ಗೆ ಎರಡು ಮಾತು ಹೇಳುತ್ತೇನೆ, ಏಕೆಂದರೆ ಬರುವವರಲ್ಲಿ ಬಹುಪಾಲು ಜನರಿಗೆ ತಾವು ಅಭಯಾರಣ್ಯದೊಳಗೆ ಇದ್ದೇವೆಂಬುದೇ ತಿಳಿದಿರುವುದಿಲ್ಲ. ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ. ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್. ಮಲೆನಾಡಿನ ಕಾಡನ್ನು ಕಂಡವರಿಗೆ ಇದು ಕಾಡೆಂದು ತೋರದೇ ಇರಬಹುದು, ಏಕೆಂದರೆ ಇದು ಎಲೆ ಉದುರುವ ಒಣ ಕಾಡು ಮತ್ತು ಕುರುಚಲು. ಆದರೆ ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ ಇವೆಲ್ಲ ಬದುಕುವುದು ಇಂಥ ಕುರುಚಲಿನಲ್ಲಿಯೇ. ಹುಲಿ, ಆನೆಗಳಿಲ್ಲದ ಕಾರಣ ಬಂದವರಿಗೆ ಭಯವಿಲ್ಲ. ಭಯವಿಲ್ಲದ ಕಾರಣ ಶಿಸ್ತೂ ಇಲ್ಲ ಎಂಬುದು ನಾನು ಕಂಡುಕೊಂಡ ಸಂಗತಿ.

ಎತ್ತಿಪೋತಾದಲ್ಲಿ ವರ್ಷವಿಡೀ ನೀರು ಇರುವುದಿಲ್ಲ. ಮುಂಗಾರು ಚೆನ್ನಾಗಿ ಹಿಡಿದರೆ ಮಳೆಗಾಲದ ಕೆಲವೇ ವಾರ ಧುಮ್ಮಿಕ್ಕುತ್ತದೆ. ಹೀಗಾಗಿ ಕಲಬುರಗಿ, ಬೀದರ್, ತಾಂಡೂರು, ಜಹೀರಾಬಾದ್, ಹೈದರಾಬಾದಿನ ಜನರೆಲ್ಲ ಅದೇ ಕೆಲವು ಭಾನುವಾರಗಳಲ್ಲಿ ಒಟ್ಟಿಗೆ ಬರುತ್ತಾರೆ. ದಾರಿಯ ಎರಡೂ ಬದಿಯ ಹುಲ್ಲಿನ ಮೇಲೆ ಕಾರುಗಳು, ಕ್ರೂಸರುಗಳು ನಿಲ್ಲುತ್ತವೆ. ಡೋರು ತೆರೆದಿಟ್ಟು ಡೆಕ್ಕಿನಲ್ಲಿ ಹಾಡು ಹಾಕುತ್ತಾರೆ.

ಸೋಮವಾರ ಬೆಳಿಗ್ಗೆ ಆ ಜಾಗ ಹೇಗಿರುತ್ತದೆಂಬುದನ್ನು ನೀವು ನೋಡಬೇಕು. ನೀರು ಬೀಳುವ ಬಂಡೆಯ ಕೆಳಗಿನ ಚಿಕ್ಕ ಮಡುವಿನಲ್ಲಿ ಬಿರಿಯಾನಿ ಅಂಟಿದ ಥರ್ಮಾಕೋಲ್ ತಟ್ಟೆಗಳು ಒಂದರ ಮೇಲೊಂದು ಕೂಡಿಕೊಂಡು ತೇಲುತ್ತಿರುತ್ತವೆ. ಬಂಡೆಯ ಸಂದಿಗಳಲ್ಲಿ ಶಾಂಪೂ ಚೀಟಿ, ಗುಟ್ಕಾ ಚೀಟಿ, ಮಕ್ಕಳ ಡೈಪರ್ ತುರುಕಿರುತ್ತಾರೆ. ಮೊಣಕಾಲುದ್ದ ನೀರಿನ ತಳದಲ್ಲಿ ಒಡೆದ ಬಿಯರ್ ಬಾಟಲಿಯ ಚೂರು ಇರುತ್ತದೆ. ಕಣ್ಣಿಗೆ ಕಾಣದ ಆ ಚೂರು ಮಧ್ಯಾಹ್ನ ನೀರಿಗಿಳಿಯುವ ಲಂಬಾಣಿ ತಾಂಡಾದ ಎಮ್ಮೆಯ ಗೊರಸಿನ ಸಂದಿಗೆ ಹೊಕ್ಕಾಗಲೇ ಗೊತ್ತಾಗುವುದು. ಅದೇ ಹಳ್ಳದ ನೀರನ್ನು ಕೆಳಗೆ ದನಕರುಗಳೂ, ರಾತ್ರಿ ಕಾಡಿನ ಪ್ರಾಣಿಗಳೂ ಕುಡಿಯುತ್ತವೆ ಎಂಬುದನ್ನು ಶಾಂಪೂ ಹಚ್ಚಿ ಸ್ನಾನ ಮಾಡುವವರಿಗೆ ಯಾರೂ ಹೇಳುವುದಿಲ್ಲ.

ನೀವು ಬರಬೇಡಿ ಎಂದು ನಾನು ಹೇಳುತ್ತಿಲ್ಲ. ಶ್ರಾವಣದ ಭಾನುವಾರ ಬರಬೇಡಿ ಎಂದಷ್ಟೇ ಹೇಳುತ್ತೇನೆ.

ಸೇಡಂ ರಸ್ತೆ (ಕಲಬುರಗಿ)

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮೈಸೂರು, ಮಡಿಕೇರಿ, ಚಿಕ್ಕಮಗಳೂರಿಗೆ ವರ್ಷವಿಡೀ ಲಕ್ಷಗಟ್ಟಲೆ ಜನ ಹೋಗುತ್ತಾರೆ. ಅಲ್ಲಿ ರೆಸಾರ್ಟುಗಳ ಮೇಲೆ ರೆಸಾರ್ಟು ಏಳುತ್ತವೆ. ನಮ್ಮ ಕಡೆ ಇರುವುದೇ ಒಂದೆರಡು ಝರಿ, ಒಂದೆರಡು ಡ್ಯಾಮು. ಅಲ್ಲಿಗೂ ಹೋಗಬಾರದೆಂದರೆ ಸೇಡಂ, ಶಹಾಬಾದಿನ ಕಲ್ಲುಗಣಿ ಮತ್ತು ಸಿಮೆಂಟ್ ಧೂಳಿನ ನಡುವೆ ದುಡಿಯುವ ಕುಟುಂಬ ತನ್ನ ಮಕ್ಕಳಿಗೆ ನಿಸರ್ಗವನ್ನು ತೋರಿಸುವುದಾದರೂ ಎಲ್ಲಿ? ಪರಿಸರದ ಪಾಠವನ್ನು ಬಡವರ ಒಂದು ದಿನದ ಪ್ರವಾಸದಿಂದಲೇ ಆರಂಭಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಕಸದ ಡಬ್ಬಿ, ಶೌಚಾಲಯ, ವಾಹನ ನಿಲುಗಡೆಯ ಜಾಗ, ಇಬ್ಬರು ಕಾವಲುಗಾರರು ಇಷ್ಟಿದ್ದರೆ ಮೇಲೆ ಹೇಳಿದ ಸಮಸ್ಯೆಯ ಮುಕ್ಕಾಲು ಪಾಲು ತೀರುತ್ತದೆ.

ಮಾಂಜ್ರಾ ತೀರ (ಬೀದರ್)

ಸೇಡಂ ರಸ್ತೆ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಕಸವೊಂದೇ ಹಾನಿ ಎಂದು ತಿಳಿದರೆ ಚರ್ಚೆ ಬೇಗ ಮುಗಿದುಬಿಡುತ್ತದೆ. ಬೀದರಿನ ಉದಾಹರಣೆ ಕೊಟ್ಟು ಇನ್ನೊಂದು ಬಗೆಯ ಹಾನಿಯನ್ನು ವಿವರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಊರು ಕುಳಿತಿರುವುದು ಜಂಬಿಟ್ಟಿಗೆ ಅಥವಾ ಲ್ಯಾಟರೈಟ್ ಎನ್ನುವ ಕೆಂಪು ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಆ ಕಲ್ಲಿನ ಮೈತುಂಬ ತೂತುಗಳಿರುವುದರಿಂದ ಮೇಲೆ ಬಿದ್ದ ಮಳೆ ಒಳಗಿಳಿಯುತ್ತದೆ. ಅದರ ಕೆಳಗಿರುವುದು ದಖ್ಖನ್ನಿನ ಕಪ್ಪು ಟ್ರ್ಯಾಪ್ ಕಲ್ಲು. ಅದು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹೀಗೆ ಎರಡರ ನಡುವೆ ನಿಂತ ನೀರು ಪ್ರಸ್ಥಭೂಮಿಯ ಅಂಚಿನಲ್ಲಿ ದಾರಿ ಸಿಕ್ಕಲ್ಲಿ ಝರಿಯಾಗಿ ಹೊರಬರುತ್ತದೆ. ಝರಣಿ ನರಸಿಂಹನ ಗುಹೆಯ ಎದೆಮಟ್ಟದ ನೀರು, ಗುರುನಾನಕ್ ಝೀರಾದ ಸಿಹಿನೀರು, ಪಾಪನಾಶದ ಬುಗ್ಗೆ ಎಲ್ಲವೂ ಈ ಕೆಂಪು ಕಲ್ಲು ಹಿಡಿದಿಟ್ಟು ಕೊಟ್ಟ ನೀರೇ. ಬಹಮನಿಗಳ ಕಾಲದಲ್ಲಿ, ಅಂದರೆ 15ನೇ ಶತಮಾನದಲ್ಲಿ, ನೌಬಾದಿನಲ್ಲಿ ನೆಲದಡಿಯ ಸುರಂಗ ತೋಡಿ, ಅಲ್ಲಲ್ಲಿ ಗಾಳಿ ಬಾವಿಗಳನ್ನು ಇಳಿಸಿ, ಪಂಪು ರಾಟೆಗಳ ಹಂಗಿಲ್ಲದೆ ನೀರನ್ನು ತಾನಾಗಿಯೇ ಹರಿಯುವಂತೆ ಮಾಡಿದ ಕರೇಜ್ ವ್ಯವಸ್ಥೆಯೂ ಇದೇ ನೆಲದ ಗುಣವನ್ನು ನಂಬಿಕೊಂಡಿತ್ತು.

ಈಗ ಪ್ರವಾಸಿ ಬರುವುದು ಝರಿಯ ಬಾಯಿಗೆ. ಆದರೆ ಝರಿಗೆ ನೀರು ಬರುವುದು ಮೇಲಿನ ಬಯಲಿನಿಂದ, ಅದೂ ಸಾಕಷ್ಟು ದೂರದಿಂದ. ಜನ ಬರುತ್ತಾರೆಂದು ಆ ಬಯಲಿನಲ್ಲಿ ವಸತಿಗೃಹ, ಢಾಬಾ, ಮದುವೆ ಮಂಟಪ, ಲೇಔಟು ಏಳುತ್ತವೆ. ನೆಲಕ್ಕೆ ಕಾಂಕ್ರೀಟು, ಪಕ್ಕದಲ್ಲಿ ಬೋರ್‌ವೆಲ್ಲು, ಹಿಂದೆ ಇಂಗುಗುಂಡಿಯ ಶೌಚಾಲಯ. ತೂತಿನ ಕಲ್ಲು ಮಳೆನೀರನ್ನು ಇಳಿಸಿಕೊಳ್ಳುವಷ್ಟೇ ಸುಲಭವಾಗಿ ಕೊಳಚೆಯನ್ನೂ ಇಳಿಸಿಕೊಳ್ಳುತ್ತದೆ. ಝರಿಯ ಬಾಯಲ್ಲಿ ಎಷ್ಟು ಕಸದ ಡಬ್ಬಿ ಇಟ್ಟರೂ ಈ ಹಾನಿ ತಪ್ಪುವುದಿಲ್ಲ. ಆದ್ದರಿಂದ ಸೌಕರ್ಯ ಬೇಕೆಂದು ಕೇಳುವಾಗ ಎಲ್ಲಿ ಬೇಕು, ಯಾವ ನೆಲದ ಮೇಲೆ ಬೇಕು ಎಂಬುದನ್ನೂ ಕೇಳಬೇಕು. ಶೌಚಾಲಯ, ನಿಲುಗಡೆ, ಅಂಗಡಿ ಊರೊಳಗಿರಲಿ. ಜನರು ಊರಿನಿಂದ ನಡೆದೋ ಟಂಟಂ ಹತ್ತಿಯೋ ಹೋಗಲಿ.

ಝರಣಿಯ ಗುಹೆಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಭಕ್ತರು ಇಕ್ಕಟ್ಟಿನ ಸುರಂಗದಲ್ಲಿ ನೀರನ್ನು ಹಾಯ್ದು ದೇವರ ಬಳಿಗೆ ಹೋಗುತ್ತಾರೆ. ಚಾವಣಿಗೆ ಬಾವಲಿಗಳು ಜೋತುಬಿದ್ದಿರುತ್ತವೆ. ದೇವರ ನಾಮ ಹೇಳುತ್ತ ಸಾಲಾಗಿ ಹೋಗುವವರಿಂದ ಅವುಗಳಿಗೆ ಆಗುವ ತೊಂದರೆ ಅಷ್ಟಕ್ಕಷ್ಟೇ. ಕೇಕೆ ಹಾಕಿ, ಮೊಬೈಲಿನ ಬೆಳಕನ್ನು ಮುಖಕ್ಕೆ ಹಿಡಿದು ವಿಡಿಯೊ ಮಾಡುವವರ ಬಗ್ಗೆ ಹಾಗೆ ಹೇಳಲಾರೆ. ಮರಿ ಹೊತ್ತ ಬಾವಲಿ ಬೆದರಿ ಹಾರಿದರೆ ಮರಿ ಕೆಳಗೆ ಬೀಳುತ್ತದೆ. ಕೆಳಗಿರುವುದು ನೀರು.

ಎರೆ ಹೊಲ (ಔರಾದ್)

ಮೇಲಿನವರೆಲ್ಲ ನೀರಿನ ಮಾತಾಡಿದ್ದಾರೆ. ನಾನು ಒಣ ನೆಲದ ಮಾತಾಡುತ್ತೇನೆ. ಬೀದರ್ ಜಿಲ್ಲೆಯಲ್ಲಿ ನಿಜವಾಗಿ ನೋಡಬೇಕಾದದ್ದು ಚಿಗರಿ, ಪುಸ್ತಕದ ಭಾಷೆಯಲ್ಲಿ ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿರುವ ಈ ಪ್ರಾಣಿ ನಮ್ಮ ಮಡ್ಡಿ ಎನ್ನುವ ಹುಲ್ಲಿನ ಒಣ ಬಯಲುಗಳಲ್ಲಿ, ದನ ಮೇಯಿಸುವ ಗಾಯರಾಣ ಭೂಮಿಯಲ್ಲಿ, ಕೊನೆಗೆ ನಮ್ಮ ಹೊಲಗಳಲ್ಲಿಯೇ ಬದುಕುತ್ತದೆ. ಹೆಸರು, ಉದ್ದು, ಸೋಯಾ ಮೊಳಕೆಯೊಡೆದು ಎರಡೆಲೆಯಾದಾಗ ಹಿಂಡು ಬಂದು ಒಂದು ರಾತ್ರಿಯಲ್ಲಿ ಪಟ್ಟೆ ಪಟ್ಟೆಯಾಗಿ ಮೇಯ್ದು ಹೋಗುತ್ತದೆ. ಆ ನಷ್ಟ ಅನುಭವಿಸುವವರು ನಾವು. ಹೀಗಿದ್ದೂ ಅವನ್ನು ಕೊಲ್ಲದೆ, ರಾತ್ರಿ ಹೊಲದಲ್ಲಿ ಮಲಗಿ, ಡಬ್ಬಿ ಬಾರಿಸಿ ಓಡಿಸುತ್ತ ಬಂದಿದ್ದೇವೆ.

ಅವನ್ನು ನೋಡಲು ಬರುವವರು ಮಾಡುವುದೇನೆಂದರೆ, ಜೀಪನ್ನು ದಾರಿಯಿಂದ ಇಳಿಸಿ ಹಿಂಡಿನ ಬೆನ್ನು ಹತ್ತುತ್ತಾರೆ. ಚಿಗರಿ ಜಿಗಿಯುವ ವಿಡಿಯೊ ಬೇಕಲ್ಲ! ನಾಲ್ಕು ಜಿಗಿತಕ್ಕಾಗಿ ಹುಲ್ಲಿನಲ್ಲಿರುವ ಟಿಟ್ಟಿಭದ ಮೊಟ್ಟೆ, ಗೌಜಲ ಹಕ್ಕಿಯ ಗೂಡು ಟೈರಿನಡಿ ಹೋಗುತ್ತವೆ. ಈ ಹಕ್ಕಿಗಳು ಮರದ ಮೇಲೆ ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತವೆ. ಜೀಪಿನಲ್ಲಿ ಕುಳಿತವನಿಗೆ ಅದು ಖಾಲಿ ಬಯಲು. ಇನ್ನು ಚಿಗರಿಯ ಸಂಗತಿ. ಈದ ಹೊಸದರಲ್ಲಿ ತಾಯಿ ಮರಿಯನ್ನು ಹುಲ್ಲಿನ ಮರೆಯಲ್ಲಿ ಮಲಗಿಸಿ ತಾನು ದೂರ ಹೋಗಿ ಮೇಯುತ್ತದೆ, ಹಾಲೂಡಿಸಲು ಮಾತ್ರ ಬರುತ್ತದೆ. ಮರಿ ಕಿವಿಯನ್ನು ಬೆನ್ನಿಗೆ ಅಂಟಿಸಿಕೊಂಡು, ಕುತ್ತಿಗೆಯನ್ನು ನೆಲಕ್ಕೆ ಒತ್ತಿ, ಕಣ್ಣು ಮಾತ್ರ ತೆರೆದುಕೊಂಡು ಮಲಗಿರುತ್ತದೆ. ಒಂದು ಗೇಣು ಹತ್ತಿರ ಹೋದರೂ ಕದಲುವುದಿಲ್ಲ. ಅದನ್ನು ಕಂಡ ಪಟ್ಟಣದವರು ಅನಾಥ ಮರಿಯೆಂದು ಎತ್ತಿಕೊಂಡು ಬಂದುಬಿಡುತ್ತಾರೆ. ದಯವಿಟ್ಟು ಮುಟ್ಟಬೇಡಿರಿ, ಅದರ ತಾಯಿ ಎಲ್ಲಿಂದಲೋ ನೋಡುತ್ತಲೇ ಇರುತ್ತದೆ.

ಮತ್ತೊಂದು ಸಂಗತಿ, ಪರಿಸರಪ್ರೇಮಿಗಳಿಗೆ ಬೇಸರವಾದರೂ ಹೇಳುತ್ತೇನೆ. ಪ್ರವಾಸಿ ತಂಡಗಳು ಬಂದಾಗ ಪ್ರಾಯಶ್ಚಿತ್ತವೆಂಬಂತೆ ಮಡ್ಡಿಯಲ್ಲಿ ಸಸಿ ನೆಟ್ಟು ಹೋಗುವ ರೂಢಿ ಶುರುವಾಗಿದೆ. ಚಿಗರಿಗೆ ಬೇಕಾದದ್ದು ಬಯಲು. ದೂರದವರೆಗೆ ಕಣ್ಣು ಹಾಯಬೇಕು, ತೋಳ ಬಂದರೆ ಓಡಲು ನೆಲ ಬೇಕು. ಹುಲ್ಲುಗಾವಲಿನ ಮೇಲೆ ಮರ ಬೆಳೆಸಿದರೆ ಅದರ ಮನೆ ಮುರಿದಂತೆ. ಸಸಿ ನೆಡುವುದಾದರೆ ನಿಮ್ಮ ಓಣಿಯಲ್ಲಿ ನೆಡಿರಿ, ಕಲಬುರಗಿಗೆ ನೆರಳಿನ ಅಗತ್ಯ ನಮಗಿಂತ ಹೆಚ್ಚಿದೆ.

ಕೊನೆಗೆ ಒಂದು ಪ್ರಶ್ನೆ. ನಿಸರ್ಗಕ್ಕೆ ಹೋಗಿ ಮನಸ್ಸು ಹಗುರ ಮಾಡಿಕೊಳ್ಳುವುದನ್ನು ನಾವು ಹೊಸದಾಗಿ ಕಲಿಯಬೇಕೆ? ಎಳ್ಳ ಅಮಾವಾಸ್ಯೆಯ ದಿನ ಬೀದರ್, ಕಲಬುರಗಿಯ ಅರ್ಧ ಪಟ್ಟಣ ಖಾಲಿಯಾಗಿ ಹೊಲಕ್ಕೆ ಬರುತ್ತದೆ. ಮನೆಯಲ್ಲಿಯೇ ಮಾಡಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಬುತ್ತಿ ಕಟ್ಟಿಕೊಂಡು, ಜೋಳದ ದಂಟಿನ ಕೊಪ್ಪೆ ಹೂಡಿ ಪೂಜಿಸಿ, ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಹಿಂಗಾರಿ ಜೋಳದ ನಡುವೆ ಕುಳಿತು ಊಟ ಮಾಡಿ, ಪರಿಚಯವಿಲ್ಲದವರನ್ನೂ ಕರೆದು ಉಣಿಸಿ, ಸಂಜೆಗೆ ಮನೆ ಸೇರುತ್ತಾರೆ. ಹೊಲವಿಲ್ಲದವರು ಗೆಳೆಯರ ಹೊಲಕ್ಕೆ ಹೋಗುತ್ತಾರೆ. ಅಂದು ಭೂಮಿಯ ಒಡೆಯ ಅಲ್ಲೇ ಇರುತ್ತಾನಾದ್ದರಿಂದ ಯಾರೂ ಬಾಟಲಿ ಒಡೆಯುವುದಿಲ್ಲ.

ನೆರಳು ಹುಡುಕುವವಳು (ಕಲಬುರಗಿ)

ಎರೆ ಹೊಲ ಅವರೇ, ಚಿಗರಿಯ ಮರಿಯ ವಿಷಯ ತಿಳಿಸಿದ್ದಕ್ಕೆ ಧನ್ಯವಾದಗಳು. ನಾನು ವೈದ್ಯೆ; ಆರೋಗ್ಯದ ಬಗ್ಗೆ ಇಲ್ಲಿ ಎದ್ದ ಮಾತನ್ನು ಸ್ವಲ್ಪ ಮುಂದುವರಿಸುತ್ತೇನೆ.

ಹಸಿರಿನ ಸಹವಾಸದಿಂದ ದೇಹ ಮನಸ್ಸುಗಳಿಗೆ ಒಳ್ಳೆಯದಾಗುತ್ತದೆ ಎಂಬುದಕ್ಕೆ ತಕ್ಕಮಟ್ಟಿನ ಆಧಾರಗಳಿವೆ. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ದಾಖಲೆಗಳನ್ನು ಹೋಲಿಸಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರೆಂದೂ, ಅವರಿಗೆ ಬಲವಾದ ನೋವಿನ ಔಷಧಿ ಕಡಿಮೆ ಬೇಕಾಯಿತೆಂದೂ ತೋರಿಸಿದರು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ನಡೆದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಸರ್ಗದಲ್ಲಿ ಕಳೆಯುವವರು ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆಯೆಂದು ಹೇಳುವ ಪ್ರಮಾಣ ಹೆಚ್ಚಿತ್ತು. ಆ ಎರಡು ಗಂಟೆಯನ್ನು ಒಂದೇ ಸಲ ಕಳೆದರೂ, ಹಲವು ಸಲಕ್ಕೆ ಹಂಚಿದರೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಿರಬಹುದು ಎಂಬ ಅನುಮಾನಕ್ಕೆ ಇಂಥ ಅಧ್ಯಯನಗಳಲ್ಲಿ ಅವಕಾಶವಿದ್ದೇ ಇದೆ; ಆ ಎಚ್ಚರಿಕೆಯೊಂದಿಗೇ ಇದನ್ನು ಓದಬೇಕು.

ಲೆಕ್ಕವಿರುವುದು ವಾರಕ್ಕೆ. ವರ್ಷಕ್ಕೊಮ್ಮೆ ನಾಲ್ಕು ತಾಸು ಕಾರಿನಲ್ಲಿ ಕುಳಿತು, ಜಲಪಾತದ ಮುಂದೆ ಅರ್ಧ ತಾಸು ನಿಂತು, ರಾತ್ರಿ ಬೆನ್ನುನೋವು ಹೊತ್ತು ಮನೆ ಸೇರುವ ಪ್ರವಾಸದಿಂದ ಈ ಫಲವನ್ನು ನಿರೀಕ್ಷಿಸಲಾಗದು. ಶರಣಬಸವೇಶ್ವರ ಕೆರೆಯ ದಂಡೆ ಇದೆ, ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಮರಗಳಿವೆ. ವಾರಕ್ಕೆ ಮೂರು ಬೆಳಿಗ್ಗೆ ಅಲ್ಲಿ ನಡೆದರೆ ನಿಮ್ಮ ಬಳಗದ ಹಿರಿಯರ ಮೊಣಕಾಲಿಗೂ ರಕ್ತದೊತ್ತಡಕ್ಕೂ ಹೆಚ್ಚಿನ ಪ್ರಯೋಜನವಿದೆ. ಆದರೆ ನಮ್ಮ ಹವೆಯನ್ನು ಮರೆಯಬಾರದು. ತಂಪು ದೇಶಗಳಲ್ಲಿ ಹೇಳಿದ ಮಾತನ್ನು ಮೇ ತಿಂಗಳ 42, 43 ಡಿಗ್ರಿಯ ಬಿಸಿಲಿಗೆ ಹಾಗೆಯೇ ಅನ್ವಯಿಸಿದರೆ ಆಸ್ಪತ್ರೆ ಸೇರುವುದೇ ಸರಿ. ಮಾರ್ಚಿನಿಂದ ಮಳೆ ಬೀಳುವವರೆಗೆ ಏಳೂವರೆಯೊಳಗೆ ನಡಿಗೆ ಮುಗಿಯಬೇಕು. ಸಕ್ಕರೆ ಕಾಯಿಲೆಗೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು ನೀರಿನ ಬಾಟಲಿಯನ್ನೂ ಜೊತೆಗೊಬ್ಬರನ್ನೂ ಬಿಟ್ಟು ಹೋಗಬಾರದು. ದೂರದ ಪ್ರವಾಸಕ್ಕೆ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಉತ್ತಮ.

ರೈಲು ಪ್ರಯಾಣಿಕ (ಹುಮನಾಬಾದ್)

ಮೇಡಂ ಅವರ ಮಾತಿಗೆ ಒಂದು ಲೆಕ್ಕವನ್ನು ಸೇರಿಸುತ್ತೇನೆ. ಜಗತ್ತಿನ ಹಸಿರುಮನೆ ಅನಿಲಗಳ ಹೊರಸೂಸುವಿಕೆಯಲ್ಲಿ ಪ್ರವಾಸೋದ್ಯಮದ ಪಾಲು ಶೇಕಡಾ 8ರಷ್ಟು ಎಂದು 2018ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ಅದರಲ್ಲಿ ಸಾರಿಗೆಯದು ದೊಡ್ಡ ಭಾಗ. ಇದನ್ನು ನಮ್ಮ ಊರಿಗೆ ಇಳಿಸಿ ನೋಡೋಣ. ಹೋಗಿಬರುವ ದಾರಿ ಸುತ್ತಾಟವೂ ಸೇರಿ 200 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ 13 ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ; ಅಂದರೆ ಕಾರೊಂದಕ್ಕೆ 30 ಕೆ.ಜಿ., ಒಂಬತ್ತು ಕಾರಿಗೆ 270 ಕೆ.ಜಿ. ಅದೇ ನಲವತ್ತು ಜನ ಲೀಟರಿಗೆ 5 ಕಿಲೋಮೀಟರ್ ಕೊಡುವ ಒಂದು ಡೀಸೆಲ್ ಬಸ್ಸಿನಲ್ಲಿ ಹೋದರೆ 40 ಲೀಟರ್, ಲೀಟರಿಗೆ ಸುಮಾರು 2.7 ಕೆ.ಜಿ.ಯಂತೆ 108 ಕೆ.ಜಿ. ಅರ್ಧಕ್ಕಿಂತ ಎಷ್ಟೋ ಕಡಿಮೆ. ಹೇಗೂ ಓಡುತ್ತಿರುವ ಸಾರಿಗೆ ನಿಗಮದ ಬಸ್ಸು ಹತ್ತಿದರೆ ನಿಮ್ಮಿಂದ ಹೆಚ್ಚುವರಿಯಾಗಿ ಸೇರುವುದು ಬಹುತೇಕ ಏನೂ ಇಲ್ಲ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವೂ ಇಲ್ಲ.

ಬೀದರಿಗೆ ಹೋಗುವವರು ಕಾರನ್ನು ಬಿಟ್ಟು 2017ರಲ್ಲಿ ಆರಂಭವಾದ ಬೀದರ್–ಕಲಬುರಗಿ ರೈಲು ಮಾರ್ಗವನ್ನು ಬಳಸಬಹುದು. ಸಮಯ ಅನುಕೂಲವಿಲ್ಲ ಎನ್ನುವ ದೂರನ್ನು ನಾನೂ ಒಪ್ಪುತ್ತೇನೆ. ಆದರೆ ಹತ್ತುವವರಿಲ್ಲವೆಂದು ರೈಲು ಹೆಚ್ಚಾಗುವುದಿಲ್ಲ, ರೈಲಿಲ್ಲವೆಂದು ನಾವು ಹತ್ತುವುದಿಲ್ಲ.

ಬೋನಾಳ ದಂಡೆ (ಸುರಪುರ)

ಯಾದಗಿರಿ ಜಿಲ್ಲೆಯನ್ನು ಯಾರೂ ನೆನಪಿಸಿಕೊಳ್ಳದ ಕಾರಣ ಚಿಕ್ಕದಾಗಿ ಬರೆಯುತ್ತೇನೆ. ಸುರಪುರದ ಹತ್ತಿರದ ಬೋನಾಳ ಪಕ್ಷಿಧಾಮ ಒಂದು ಕೆರೆ. ಸುರಪುರದ ನಾಯಕ ಅರಸರ ಕಾಲದಲ್ಲಿ ಕಟ್ಟಿಸಿದ್ದು. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ, ಆಪು ಹುಲ್ಲಿನ ಮರೆಯಲ್ಲಿ ನೇರಳೆ ಬಕ ಕಾಣಸಿಗುತ್ತದೆ. ಇಲ್ಲಿ ನೋಡುವವನು ಒಂದೇ ಕಡೆ ಸುಮ್ಮನೆ ಕುಳಿತಿರಬೇಕು, ಅಷ್ಟೇ. ನಲವತ್ತು ಜನ ಒಟ್ಟಿಗೆ ಬಂದರೆ ಹಕ್ಕಿಗಳು ಆಚೆ ದಂಡೆಗೆ ಹೋಗಿಬಿಡುತ್ತವೆ, ನೋಡಲು ಉಳಿಯುವುದು ಕೆರೆ ಮಾತ್ರ. ಹತ್ತು ಜನರ ತಂಡವಾಗಿ, ಬಣ್ಣದ ಬಟ್ಟೆ ಬಿಟ್ಟು, ಒಂದು ದುರ್ಬೀನು ಹಿಡಿದು ಬಂದರೆ ಸ್ವಾಗತ.

ಗುಡ್ಡದ ತಾಂಡಾ (ಚಿಂಚೋಳಿ)

ಇಷ್ಟು ಹೊತ್ತು ಎಲ್ಲರ ಮಾತನ್ನೂ ಓದಿದೆ. ಪ್ರಾಣಿ, ಹಕ್ಕಿ, ನೀರು, ಹೊಗೆ ಎಲ್ಲದರ ಲೆಕ್ಕವೂ ಬಂತು. ಅಲ್ಲಿ ವಾಸಿಸುವವರ ಲೆಕ್ಕ ಎಮ್ಮೆಯ ಗೊರಸಿನಷ್ಟೇ ಬಂತು. ಅಭಯಾರಣ್ಯ ಘೋಷಣೆಯಾದ ಮೇಲೆ ಕಟ್ಟಿಗೆ, ಮೇವು, ಬೇಸಾಯ ಎಲ್ಲಕ್ಕೂ ನಮ್ಮ ತಾಂಡಾಗಳಿಗೆ ನಿಯಮಗಳು ಬಿಗಿಯಾಗಿವೆ. ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವುದು ಇದ್ದೇ ಇದೆ. ಭಾನುವಾರ ಬರುವ ಜನರ ಕಾರಿನಲ್ಲಿ ನೀರಿನ ಬಾಟಲಿಯಿಂದ ಹಿಡಿದು ಬಿರಿಯಾನಿಯವರೆಗೆ ಎಲ್ಲವೂ ಪಟ್ಟಣದಿಂದಲೇ ಬಂದಿರುತ್ತದೆ. ಇಲ್ಲಿ ಉಳಿಯುವುದು ತಟ್ಟೆ ಮಾತ್ರ. ನಮ್ಮ ಹೆಣ್ಣುಮಕ್ಕಳು ಕುದಿಸಿದ ಶೇಂಗಾ, ಮೆಕ್ಕೆಜೋಳದ ತೆನೆ ಇಟ್ಟುಕೊಂಡು ಕುಳಿತರೂ ಚೌಕಾಸಿ ಮಾಡುತ್ತಾರೆ.

ಮಾಂಜ್ರಾ ತೀರ ಅವರು ಅಂಗಡಿಗಳು ಊರೊಳಗಿರಲಿ ಎಂದರು. ಆ ಊರು ಎಂದರೆ ನಮ್ಮ ತಾಂಡಾ ಆಗಬಹುದೇ ಎಂದು ಕೇಳುತ್ತೇನೆ. ಕಾಡಿನ ಅಂಚಿನಲ್ಲಿಯೇ ವಾಹನ ನಿಲ್ಲಲಿ, ಅಲ್ಲಿಂದ ನಮ್ಮ ಹುಡುಗರು ದಾರಿ ತೋರಿಸುತ್ತ ನಡೆಸಿಕೊಂಡು ಹೋಗಲಿ, ಊಟ ನಮ್ಮ ಮನೆಗಳಲ್ಲಾಗಲಿ. ಯಾವ ಬಂಡೆಯ ಹತ್ತಿರ ಕತ್ತೆಕಿರುಬ ಇರುತ್ತದೆ, ಯಾವ ಕಡೆ ಹೋಗಬಾರದು ಎಂಬುದು ದನ ಕಾಯುವವನಿಗೆ ಗೊತ್ತಿರುವಷ್ಟು ಬೋರ್ಡಿಗೆ ಗೊತ್ತಿರುವುದಿಲ್ಲ. ಬಾಟಲಿ ಒಡೆಯುವವನನ್ನು ತಡೆಯಲು ಇಬ್ಬರು ಕಾವಲುಗಾರರಿಗಿಂತ, ಆ ನೀರಿನಿಂದ ಸಂಪಾದನೆ ಇರುವ ಇಪ್ಪತ್ತು ಮನೆಗಳು ಹೆಚ್ಚು ಕೆಲಸ ಮಾಡುತ್ತವೆ.

ಸೇಡಂ ರಸ್ತೆ (ಕಲಬುರಗಿ)

ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಹೀಗೆ ಆರಂಭವಾದ ಎಷ್ಟೋ ಜಾಗಗಳಲ್ಲಿ ಎರಡು ವರ್ಷ ಕಳೆಯುವುದರೊಳಗೆ ಹೊರಗಿನ ಗುತ್ತಿಗೆದಾರ ಬಂದು ಕೂತು, ಊರಿನವರು ಅವನ ಹತ್ತಿರ ಪಗಾರಕ್ಕೆ ನಿಂತದ್ದನ್ನು ನೋಡಿದ್ದೇವೆ. ಲೆಕ್ಕಪತ್ರ ತಾಂಡಾದ ಮಹಿಳಾ ಸಂಘದ ಕೈಯಲ್ಲಿಯೇ ಇರಬೇಕು, ದರವನ್ನೂ ಅವರೇ ನಿಗದಿ ಮಾಡಬೇಕು.

ತೊಗರಿ ಕಣಜ (ಕಲಬುರಗಿ)

ಎಲ್ಲರ ಮಾತನ್ನೂ ಬಳಗದ ಸಭೆಯಲ್ಲಿ ಓದಿದೆವು. ಶ್ರಾವಣದ ಭಾನುವಾರದ ಯೋಜನೆಯನ್ನು ಕೈಬಿಟ್ಟಿದ್ದೇವೆ. ಡಿಸೆಂಬರಿನಲ್ಲಿ ವಾರದ ನಡುವಿನ ಎರಡು ದಿನ, ಇಪ್ಪತ್ತು ಇಪ್ಪತ್ತು ಜನರಾಗಿ, ಕಲಬುರಗಿಯಿಂದ ಚಿಂಚೋಳಿಯವರೆಗೆ ಸಾರಿಗೆ ಬಸ್ಸಿನಲ್ಲಿ, ಅಲ್ಲಿಂದ ಮುಂದಕ್ಕೆ ಬಾಡಿಗೆ ಕ್ರೂಸರಿನಲ್ಲಿ ಹೋಗುವುದೆಂದು ಮಾತಾಯಿತು. ಜಲಪಾತವಿಲ್ಲದ ಪ್ರವಾಸಕ್ಕೆ ನಾಲ್ಕು ಜನ ಹೆಸರು ಹಿಂತೆಗೆದುಕೊಂಡಿದ್ದಾರೆ. ತಕರಾರು ಎತ್ತಿದ್ದ ಹಿರಿಯರು ಮಾತ್ರ ಮೊದಲ ತಂಡದಲ್ಲಿಯೇ ಹೆಸರು ಬರೆಸಿದ್ದಾರೆ. ವೈದ್ಯೆಯವರು ಹೇಳಿದ ಕೆರೆದಂಡೆಯ ನಡಿಗೆ ಮುಂದಿನ ವಾರದಿಂದಲೇ ಶುರುವಾಗುತ್ತದೆ. ಅನುಮತಿಯ ಕ್ರಮ ಮತ್ತು ಊಟದ ವ್ಯವಸ್ಥೆಯ ಬಗ್ಗೆ ತಿಳಿಸಬೇಕು.

ಕುಂಚಾವರಂ ದಾರಿ (ಚಿಂಚೋಳಿ)

ಸರ್, ಅಭಯಾರಣ್ಯದೊಳಗೆ ಪ್ರವಾಸಕ್ಕೆ ಬರುವವರು ಅನುಮತಿ ಪಡೆಯಬೇಕೆಂಬುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಲ್ಲಿದೆ. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಂಡದವರ ಹೆಸರು, ವಾಹನದ ವಿವರ, ಉದ್ದೇಶ ಬರೆದು ಮೊದಲೇ ಅರ್ಜಿ ಕೊಡಿ. ಡಿಸೆಂಬರಿನಲ್ಲಿ ಹುಲ್ಲು ಒಣಗಿರುತ್ತದೆ. ಒಂದು ಬೀಡಿಯ ಕಿಡಿ ಸಾಕು, ಗುಡ್ಡವೇ ಉರಿಯುತ್ತದೆ. ಆದ್ದರಿಂದ ಬೆಂಕಿಪೆಟ್ಟಿಗೆ, ಸಿಗರೇಟು ತರಬಾರದು. ಚಂದ್ರಂಪಳ್ಳಿಯ ದಂಡೆಯಲ್ಲಿ ಬೆಳಗಿನ ಎರಡು ತಾಸು ಇರಿ, ನೀರಿಗೆ ಇಳಿಯುವುದು ಬೇಡ. ತೋಳದ ಹೆಜ್ಜೆ, ಗವಿ ಏನಾದರೂ ಕಂಡರೆ ಫೋಟೊ ತೆಗೆಯಿರಿ, ಆದರೆ ಜಾಗದ ಗುರುತನ್ನು ಮೊಬೈಲಿನ ನಕ್ಷೆಯಲ್ಲಿ ಹಾಕಿ ಹಂಚಬೇಡಿ.

ಗುಡ್ಡದ ತಾಂಡಾ (ಚಿಂಚೋಳಿ)

ಊಟಕ್ಕೆ ಒಂದು ವಾರ ಮೊದಲು ತಿಳಿಸಿದರೆ ಸಾಕು. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿ ಪಲ್ಲೆ, ಶೇಂಗಾ ಹಿಂಡಿ, ಮಜ್ಜಿಗೆ ಇರುತ್ತದೆ; ಮುತ್ತುಗದ ಎಲೆಯ ಪತ್ರಾವಳಿಯಲ್ಲಿ ಬಡಿಸುತ್ತೇವೆ, ಉಂಡ ಮೇಲೆ ಎಲೆಗಳು ತಿಪ್ಪೆಗೆ ಹೋಗುತ್ತವೆ. ನೀರು ಕೊಡದಲ್ಲಿರುತ್ತದೆ, ಒಬ್ಬೊಬ್ಬರು ಒಂದೊಂದು ಲೋಟ ತರಬೇಕು. ದರವನ್ನು ಸಂಘದ ಸಭೆಯಲ್ಲಿ ತೀರ್ಮಾನಿಸಿ ಇಲ್ಲಿಯೇ ಬರೆಯುತ್ತೇನೆ, ಚೌಕಾಸಿಗೆ ಅವಕಾಶವಿಲ್ಲ. ಖಾರ ಕಡಿಮೆ ಬೇಕಾದವರು ಎಷ್ಟು ಜನ ಎಂಬುದನ್ನು ಮೊದಲೇ ಹೇಳಿಬಿಡಿ.